ಒಂದು ಮನೆ, ಮೂರು ಪಥ್ಯ

ಮಾಂಸ ತಿನ್ನುವವರಿಗಿಂತ ಮಾಂಸದ ಬಗ್ಗೆ ಬುದ್ಧಿ ಹೇಳುವವರೇ ಹೆಚ್ಚಾದ ಕಾಲವಿದು. ಹಲಸೂರಿನ ನಮ್ಮ ಪುಟ್ಟ ಮನೆಯೊಂದರಲ್ಲಿಯೇ ಈಗ ಮೂರು ಪಥ್ಯಗಳು ಜಾರಿಯಲ್ಲಿವೆ. ದೂರವಾಣಿನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನನ್ನ ತಂದೆಯವರ ಹೃದಯನಾಳಕ್ಕೆ ಸ್ಟೆಂಟ್ ಹಾಕಿದಂದಿನಿಂದ ಅವರಿಗೆ ಕುರಿಮಾಂಸವೂ ಮೊಟ್ಟೆಯ ಹಳದಿಯೂ ನಿಷಿದ್ಧ. ಐದು ತಿಂಗಳ ಗರ್ಭಿಣಿಯಾದ ನನ್ನ ಪತ್ನಿಯ ಹಿಮೋಗ್ಲೋಬಿನ್ ಒಂಬತ್ತಕ್ಕೆ ಇಳಿದಿದೆ. ಕಬ್ಬಿಣದ ಮಾತ್ರೆಯೊಂದಿಗೆ ಮಾಂಸ, ಮೊಟ್ಟೆಗಳನ್ನು ಬಿಡದೆ ತಿನ್ನಬೇಕೆಂದು ಅವಳ ವೈದ್ಯೆಯ ಅಪ್ಪಣೆ. ಕೋಲಾರದಿಂದ ಬಂದಿಳಿದಿರುವ ಅತ್ತೆಯವರಿಗಂತೂ ವೈದ್ಯರ ಚೀಟಿಯ ಅಗತ್ಯವೇ ಇಲ್ಲ. ರಕ್ತ ಕಡಿಮೆಯಾದವಳಿಗೆ ವಾರಕ್ಕೆರಡು ಸಲ ಕುರಿಯ ಈಲಿ, ಎಂದರೆ ಯಕೃತ್ತು, ಆಗಲೇಬೇಕೆಂಬುದು ಅವರ ಶಾಸನ.

ಈ ಶಾಸನಕ್ಕೆ ವಿಘ್ನ ಬಂದದ್ದು ಲಂಡನ್ನಿನಿಂದ. ಅಲ್ಲಿರುವ ನನ್ನ ಪತ್ನಿಯ ಅಕ್ಕ ತನ್ನ ಗರ್ಭದ ದಿನಗಳಲ್ಲಿ ಈಲಿಯನ್ನು ಮುಟ್ಟಲೂ ಬಾರದೆಂಬ ಸೂಚನೆ ಪಡೆದವಳು. ಅದನ್ನು ಆಕೆ ದೂರವಾಣಿಯಲ್ಲಿ ತಿಳಿಸಿದಾಗ ಅತ್ತೆಯವರು ಒಂದು ಕ್ಷಣ ಮೌನವಾಗಿದ್ದು, "ಅಲ್ಲಿನ ಕುರಿಯೇ ಬೇರೆ ಇರಬೇಕು" ಎಂದರು.

ಪೂರ್ವಿಕರನ್ನು ಸಾಕ್ಷಿಗೆ ಕರೆಯೋಣವೆಂದರೆ ಅಲ್ಲಿಯೂ ಒಮ್ಮತವಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಾಂಸದ ಅಡುಗೆಗಳು ಧಾರಾಳವಾಗಿವೆ. ಜೈನನಾದ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಹುಡುಕಿದರೂ ಒಂದು ತುಂಡು ಸಿಕ್ಕದು.

ಇಂದಿನ ವಿಜ್ಞಾನಿಗಳಾದರೂ ಒಂದೇ ಮಾತನ್ನಾಡುವರೇ? 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು, ಸಂಸ್ಕರಿಸಿದ ಮಾಂಸವನ್ನು ನಿತ್ಯ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಸಂಭವ ಶೇಕಡಾ 18ರಷ್ಟು ಏರುವುದೆಂದು ಸಾರಿತು. 2019ರಲ್ಲಿ ಬೇರೊಂದು ತಜ್ಞರ ತಂಡವು, ಪುರಾವೆ ದುರ್ಬಲವಾಗಿದೆ, ಈಗ ತಿನ್ನುವಷ್ಟನ್ನೇ ತಿನ್ನುತ್ತಿರಿ ಎಂದು ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಬರೆಯಿತು. 18 ಎಂಬ ಅಂಕಿ ಕೇಳಲು ಭಯಂಕರವೇ. ಆದರೆ ನೂರರಲ್ಲಿ ಐವರಿಗೆ ಬರುವ ರೋಗ ಸುಮಾರು ಆರು ಮಂದಿಗೆ ಬಂದೀತು ಎಂಬಷ್ಟೇ ಅದರ ಅರ್ಥ. ಅದೂ ದಿನಂಪ್ರತಿ ಸಾಸೇಜು, ಬೇಕನ್ನುಗಳನ್ನು ತಿನ್ನುವವರ ಲೆಕ್ಕ. ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಕಡೆಗೆ ಹೋಗಿ, ಅರ್ಧ ಕಿಲೋ ಮಾಂಸ ತಂದು, ಐದು ಮಂದಿ ಹಂಚಿಕೊಂಡು ಮುದ್ದೆಯೊಡನೆ ಉಣ್ಣುವ ಸಂಸಾರವನ್ನು ಅವರು ಕಂಡವರಲ್ಲ.

ನಮ್ಮ ರಾಜ್ಯದಲ್ಲಿಯೇ ನಡೆದದ್ದು ಇನ್ನೂ ಸ್ವಾರಸ್ಯವಾಗಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿತು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ಮೊಟ್ಟೆಯಿಲ್ಲದ ಗದಗಿನ ಮಕ್ಕಳನ್ನೂ ತೂಗಿ ನೋಡಿದಾಗ ಯಾದಗಿರಿಯವರೇ ಹೆಚ್ಚು ತೂಕ ಗಳಿಸಿದ್ದರು. 2022ರಲ್ಲಿಯೇ, ಹೊಸ ಶಿಕ್ಷಣ ನೀತಿಗಾಗಿ ರಾಜ್ಯದ ಸಮಿತಿಯೊಂದು ಸಿದ್ಧಪಡಿಸಿದ ಪತ್ರವು, ಮೊಟ್ಟೆ ಮಾಂಸಗಳ ನಿತ್ಯ ಸೇವನೆ ಜೀವನಶೈಲಿಯ ರೋಗಗಳಿಗೆ ದಾರಿಯೆಂದು ಎಚ್ಚರಿಸಿತು! ಬೊಜ್ಜಿನ ಭಯ ಸುಳ್ಳೆಂದು ನಾನು ಹೇಳಲಾರೆ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಒಂದು ಸಂಜೆ ನಿಂತರೆ ಅದು ಕಣ್ಣಿಗೇ ಕಾಣುತ್ತದೆ. ಆದರೆ ಆ ಭಯವನ್ನು ಯಾದಗಿರಿಯ ಬಡಮಗುವಿನ ತಟ್ಟೆಯ ಮೇಲೆ ಹೇರುವುದು ಎಲ್ಲಿಯ ನ್ಯಾಯ? ಸಲಹೆಗಳು ಜಗಳವಾಡುವುದು ಬಹುಮಟ್ಟಿಗೆ ಹೀಗೆಯೇ: ಒಬ್ಬರ ತಟ್ಟೆಗೆ ಬರೆದದ್ದನ್ನು ಇನ್ನೊಬ್ಬರ ತಟ್ಟೆಗೆ ಬಡಿಸುತ್ತೇವೆ.

ಈಲಿಯ ವಿಷಯ ಮಾತ್ರ ಹಾಗಲ್ಲ. ಅದರಲ್ಲಿ ಕಬ್ಬಿಣವಿರುವುದು ನಿಜ. ಅಷ್ಟರಮಟ್ಟಿಗೆ ಅತ್ತೆಯವರು ಗೆದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಈ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ, ಮಾಂಸದ ಕಬ್ಬಿಣವು ಸೊಪ್ಪಿನ ಕಬ್ಬಿಣಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಆದರೆ ಈಲಿಯಲ್ಲಿ 'ಎ' ಜೀವಸತ್ವವೂ ವಿಪರೀತ. ಅದು ಮಿತಿ ಮೀರಿದರೆ ಬೆಳೆಯುವ ಭ್ರೂಣಕ್ಕೆ ಹಾನಿ. ಲಂಡನ್ನಿನ ಎಚ್ಚರಿಕೆಯ ಕಾರಣ ಇದೇ, ಮತ್ತು ಈ ಜೀವಸತ್ವಕ್ಕೆ ಲಂಡನ್ನೂ ಹಲಸೂರೂ ಒಂದೇ. ಪತ್ನಿಯ ವೈದ್ಯೆಯನ್ನು ಕೇಳಿದೆವು. "ಈಲಿ ಬೇಡ, ಮಾಂಸ ಇರಲಿ, ಮಾತ್ರೆಯನ್ನು ಮಾತ್ರ ತಪ್ಪಿಸಬೇಡಿ" ಎಂದರು.

ಮಾತ್ರೆಯ ಮಾತು ಬಂದದ್ದೇ ಒಳ್ಳೆಯದಾಯಿತು. ಆಕೆ ಕಬ್ಬಿಣದ ಮಾತ್ರೆಯನ್ನು ಊಟದ ಬಳಿಕ, ಬಿಸಿ ಚಹಾದೊಡನೆ, ಕ್ಯಾಲ್ಸಿಯಂ ಮಾತ್ರೆಯ ಜೊತೆಯಲ್ಲಿಯೇ ನುಂಗುತ್ತಿದ್ದಳಂತೆ. ಚಹಾ, ಕ್ಯಾಲ್ಸಿಯಂ ಎರಡೂ ಕಬ್ಬಿಣಕ್ಕೆ ಅಡ್ಡಗಾಲು. ಮೂವರು ಹಿರಿಯರೂ ಒಬ್ಬ ಉಪನ್ಯಾಸಕನೂ ಕುರಿಯ ಅಂಗಾಂಗಗಳನ್ನು ಕುರಿತು ವಾದಿಸುತ್ತಿದ್ದಾಗ ರಕ್ತಕ್ಕೆ ಸೇರಬೇಕಾದದ್ದು ಚಹಾದ ಲೋಟದೊಳಗೆ ವ್ಯರ್ಥವಾಗುತ್ತಿತ್ತು. ಈಗ ಚಹಾ ಎರಡು ಗಂಟೆ ತಡ, ಕ್ಯಾಲ್ಸಿಯಂ ರಾತ್ರಿಗೆ, ಊಟಕ್ಕೆ ನಿಂಬೆಹೋಳು.

ತಂದೆಯವರ ಪಥ್ಯವೂ ಸ್ವಲ್ಪ ಸಡಿಲವಾಗಿದೆ. ಆಹಾರದ ಕೊಲೆಸ್ಟರಾಲಿಗೆ ದಿನಕ್ಕೆ 300 ಮಿಲಿಗ್ರಾಂ ಎಂದು ಅಮೆರಿಕದವರು ಹಾಕಿದ್ದ ಗೆರೆ 2016ರಲ್ಲಿ ಪ್ರಕಟವಾದ ಅವರ ಮಾರ್ಗಸೂಚಿಯಲ್ಲಿ ಇಲ್ಲವಾಯಿತೆಂದು ಓದಿ ಹೇಳಿದ ಮೇಲೆ ಅವರು ಸುಮ್ಮನಿರಲಿಲ್ಲ. ತಮ್ಮ ಹೃದಯ ವೈದ್ಯರೊಡನೆ ಅರ್ಧ ಗಂಟೆ ವಾದಿಸಿ, ವಾರಕ್ಕೆ ಮೂರು ಇಡೀ ಮೊಟ್ಟೆಯನ್ನೂ ಭಾನುವಾರ ಕೊಬ್ಬಿಲ್ಲದ ಎರಡು ತುಂಡನ್ನೂ ಗೆದ್ದು ತಂದರು. ನೆಣದ ಆಸೆ ಹೋಗಿಲ್ಲ; ತುಂಡು ಬಡಿಸುವಾಗ ಅವರ ಕಣ್ಣು ಪಾತ್ರೆಯ ತಳದಲ್ಲಿಯೇ ಇರುತ್ತದೆ.

ಕಳೆದ ವಾರ ಹಿಮೋಗ್ಲೋಬಿನ್ ಹತ್ತೂಕಾಲಕ್ಕೆ ಏರಿದೆ. ಹೆರಿಗೆಯ ಹೊತ್ತಿಗೆ ಹನ್ನೊಂದು ದಾಟಬೇಕೆಂದು ವೈದ್ಯೆ ಹೇಳಿದ್ದಾರೆ. ಅತ್ತೆಯವರು ಈಲಿಯ ಮಾತನ್ನು ಎತ್ತುತ್ತಿಲ್ಲ. ಆದರೆ ಊರಿಗೆ ಹೋಗಿ ಬರುವಾಗ ಒಂದು ಚೀಲ ನುಗ್ಗೆಸೊಪ್ಪು ತಂದಿದ್ದಾರೆ. ಅದನ್ನು ಬಿಡಿಸುತ್ತ ಕುಳಿತಿದ್ದೇವೆ.