ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ?

ಅಮೆರಿಕಾದಲ್ಲಿ ಆರ್‌ವಿ ಅಂತ ಒಂದು ಗಾಡಿ ಸಿಗುತ್ತೆ. ಮುಂದೆ ವ್ಯಾನು, ಹಿಂದೆ ಒಂದು ಪುಟ್ಟ ಒನ್ ಬಿಎಚ್‌ಕೆ ಅಂದುಕೊಳ್ಳಿ. ಹಾಸಿಗೆ, ಒಲೆ, ಫ್ರಿಜ್ಜು, ಬಚ್ಚಲು, ಕಕ್ಕಸು ಎಲ್ಲಾ ಉಂಟು. ಆನ್‌ಸೈಟ್ ಅಂತ ಬಂದ ನಮ್ಮ ಹುಡುಗರಿಗೆಲ್ಲ ಒಂದಲ್ಲ ಒಂದು ಸಲ ಇದನ್ನು ಬಾಡಿಗೆಗೆ ತಗೊಂಡು ನ್ಯಾಷನಲ್ ಪಾರ್ಕಿಗೆ ಹೋಗೋ ಆಸೆ ಹುಟ್ಟುತ್ತೆ. ರೀಲ್ಸ್‌ನಲ್ಲಿ ಗಾಡಿಯ ಬಾಗಿಲು, ಬಾಗಿಲಾಚೆ ಬೆಟ್ಟ, ಕೈಯಲ್ಲಿ ಕಾಫಿ ಕಾಣುತ್ತೆ. ಗಾಡಿ ಕೆಳಗಿರೋ ಮೂರು ಟ್ಯಾಂಕು ಕಾಣಲ್ಲ. ನಾನು ಬರೆಯಬೇಕಾಗಿರೋದು ಆ ಟ್ಯಾಂಕುಗಳ ಬಗ್ಗೆ.

ನಾವು ಆರಿಸಿಕೊಂಡದ್ದು ಯೆಲ್ಲೋಸ್ಟೋನ್. 1872ರಲ್ಲಿ ಶುರುವಾದ, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಅಂತ ಹೆಸರಾದ ಜಾಗ. ಸಾಲ್ಟ್ ಲೇಕ್ ಸಿಟಿಯಲ್ಲಿ ಗಾಡಿ ತಗೊಂಡರೆ ಪಶ್ಚಿಮದ ಗೇಟಿಗೆ ಐದು ಗಂಟೆಯ ಚಿಲ್ಲರೆ ದಾರಿ. ನಾನು, ಹೆಂಡತಿ, ಆರು ವರ್ಷದ ಮಗಳು, ಮತ್ತೆ ಮಂಡ್ಯ ಕಡೆಯ ನಮ್ಮ ಹಳ್ಳಿಯಿಂದ ಮೊದಲ ಸಲ ವಿಮಾನ ಹತ್ತಿ ಬಂದ ಅವ್ವ.

ಇಂಥ ಪ್ರವಾಸದಲ್ಲಿ ಮೊದಲು ಜಾಗ, ಆಮೇಲೆ ಗಾಡಿ. ಬಹಳ ಜನ ಉಲ್ಟಾ ಮಾಡ್ತಾರೆ, ದೊಡ್ಡ ಗಾಡಿ ಬುಕ್ ಮಾಡಿ ಆಮೇಲೆ ಜಾಗ ಹುಡುಕ್ತಾರೆ. ಕ್ಯಾಂಪ್ ಹಾಕೋ ಒಂದೊಂದು ಜಾಗಕ್ಕೂ ಉದ್ದದ ಮಿತಿ ಇರುತ್ತೆ. ರಸ್ತೆಗೂ ಇರುತ್ತೆ. ಗ್ಲೇಷಿಯರ್ ಪಾರ್ಕಿನ ಬೆಟ್ಟದ ರಸ್ತೆಯ ಮೇಲ್ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡೋದೇ ಇಲ್ಲ. ಸಿಕೋಯಾದಲ್ಲಿ ದೊಡ್ಡ ಮರಗಳ ಕಡೆ ಹತ್ತೋ ತಿರುವುಗಳಲ್ಲಿ 22 ಅಡಿಗಿಂತ ಉದ್ದದ್ದು ಬೇಡ ಅಂತ ಹೇಳ್ತಾರೆ. ನಮಗೆ 25 ಅಡಿಯ ಗಾಡಿ ಸಾಕಾಯ್ತು. ತಿಂಗಳುಗಟ್ಟಲೆ ಮೊದಲೇ ಮ್ಯಾಡಿಸನ್ ಕ್ಯಾಂಪ್‌ಗ್ರೌಂಡಿನಲ್ಲಿ ಸೆಪ್ಟೆಂಬರ್ ಕೊನೆಯ ಮೂರು ರಾತ್ರಿ ಸಿಕ್ಕಿತು. ಪಾರ್ಕಿನೊಳಗೆ ಕರೆಂಟು, ನೀರು, ಒಳಚರಂಡಿ ಮೂರನ್ನೂ ಗಾಡಿಗೆ ಸಿಕ್ಕಿಸಿಕೊಳ್ಳಬಹುದಾದ ಜಾಗ ಫಿಶಿಂಗ್ ಬ್ರಿಜ್ ಒಂದೇ. ಮ್ಯಾಡಿಸನ್‌ನಲ್ಲಿ ಅದ್ಯಾವುದೂ ಇಲ್ಲ. ಗಾಡಿಯಲ್ಲಿ ಇದ್ದಷ್ಟೇ ನಿಮ್ಮದು.

ಇದ್ದದ್ದೆಷ್ಟು? ಒಳ್ಳೆ ನೀರಿನ ಟ್ಯಾಂಕು 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಸ್ನಾನದ, ಪಾತ್ರೆ ತೊಳೆದ ನೀರು ಸೇರೋ ಟ್ಯಾಂಕು 30 ಗ್ಯಾಲನ್, ಸುಮಾರು 115 ಲೀಟರ್. ಕಕ್ಕಸಿನದು ಬೇರೆ. ನಮ್ಮ ದೇಶದ ನಗರಗಳಿಗೆ ಸರ್ಕಾರ ಇಟ್ಟುಕೊಂಡಿರೋ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. ಇಲ್ಲಿ ನಾಲ್ಕು ಜನ ಎರಡು ದಿನ ಕಳೀಬೇಕು ಅಂದರೆ ತಲೆಗೆ ದಿನಕ್ಕೆ 19 ಲೀಟರೂ ಬರಲ್ಲ. ಅದಕ್ಕಿಂತ ಮಜಾ ಏನಂದರೆ, ಒಳ್ಳೆ ನೀರು ಮುಗಿಯೋ ಮೊದಲೇ ಬಚ್ಚಲ ಟ್ಯಾಂಕು ತುಂಬಿಬಿಡುತ್ತೆ. ನೀರು ಎಷ್ಟಿದೆ ಅನ್ನೋದಕ್ಕಿಂತ, ಬಳಸಿದ್ದನ್ನು ಎಲ್ಲಿ ಇಟ್ಟುಕೊಳ್ತೀರಿ ಅನ್ನೋದೇ ಮಿತಿ.

ನಾನು ಎಕ್ಸೆಲ್ ಶೀಟ್ ಮಾಡಿದೆ. ಅವ್ವನಿಗೆ ಅದು ಬೇಕಾಗಲಿಲ್ಲ. ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತ ಹೆಂಗಸು ಅವಳು. ಒಂದೂವರೆ ಬಿಂದಿಗೆ ತಲೆಗೆ ಅಂದ ಕೂಡಲೇ ಲೆಕ್ಕ ಅರ್ಥ ಆಯ್ತು. ಮೊದಲ ಸಂಜೆ ತಟ್ಟೆಗಳನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ಒಂದೇ ಬೋಗುಣಿ ನೀರಲ್ಲಿ ತೊಳೆದಳು. ಸಿಂಕಿನ ತೂತಿನೊಳಗೆ ಇಣುಕಿ ಕೇಳಿದಳು, "ಈ ನೀರೆಲ್ಲಾ ಎಲ್ಲಿಗ್ ಹೋಯ್ತದೆ ಮಗ?"

ನಾನು ಹದಿನಾಲ್ಕು ವರ್ಷ ಅಪಾರ್ಟ್‌ಮೆಂಟುಗಳಲ್ಲೇ ಬದುಕಿದ್ದೀನಿ. ಬೆಂಗಳೂರಲ್ಲಾಗಲಿ ಇಲ್ಲಾಗಲಿ, ಈ ಪ್ರಶ್ನೆ ಯಾರೂ ಕೇಳಿದ್ದು ನೆನಪಿಲ್ಲ. ನಾಲೆಯ ಕೊನೆಯ ಊರಲ್ಲಿ ಬೆಳೆದವರಿಗೆ ಅದು ಸಹಜ. ಮೇಲಿನೋರು ಏನು ಮಾಡಿದರೂ ಕೆಳಗಿನೋರ ಗದ್ದೆಗೇ ಬರೋದು.

ಮ್ಯಾಡಿಸನ್‌ನಲ್ಲಿ ಉತ್ತರ ಪಕ್ಕದಲ್ಲೇ ಹರೀತಿತ್ತು. ಗಿಬ್ಬನ್, ಫೈರ್‌ಹೋಲ್ ಅನ್ನೋ ಎರಡು ಹೊಳೆ ಅಲ್ಲಿ ಸೇರಿ ಮ್ಯಾಡಿಸನ್ ನದಿಯಾಗುತ್ತೆ. ಅದು ಹೋಗಿ ಮಿಸೌರಿ ಆಗುತ್ತೆ, ಅದು ಮಿಸಿಸಿಪ್ಪಿ ಸೇರುತ್ತೆ. ಮ್ಯಾಪಿನಲ್ಲಿ ತೋರಿಸಿದೆ. "ಅಂಗಾರೆ ಕೆಳಗಡೆ ಬೋ ಜನ ಕುಡೀತಾರೆ" ಅಂದಳು.

ಪ್ರಶ್ನೆ ಸರಿ. ಆದರೆ ಊರಿನ ಉತ್ತರ ಇಲ್ಲಿ ನಡೆಯಲ್ಲ. ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಬಾಳೆಗೆ ಹೋಗುತ್ತೆ, ಅನ್ನ ಬಸಿದ ಗಂಜಿ ಹಸುವಿಗೆ. ಅದಕ್ಕೇ ಅವ್ವ ಬೋಗುಣಿ ಎತ್ತಿಕೊಂಡು ಪೈನ್ ಮರದ ಬುಡಕ್ಕೆ ಹೊರಟಿದ್ದಳು. ಬೇಡ ಅಂದೆ. ಆ ನೀರಲ್ಲಿ ಸೋಪಿದೆ, ಎಣ್ಣೆ ಇದೆ, ಎಲ್ಲಕ್ಕಿಂತ ಸಾರಿನ ವಾಸನೆ ಇದೆ. ಇದು ಗ್ರಿಜ್ಲಿ ಕರಡಿಯ ಸೀಮೆ. ಊಟ, ತೊಳೆಯದ ಪಾತ್ರೆ, ಟೂತ್‌ಪೇಸ್ಟು, ವಾಸನೆ ಇರೋದು ಯಾವುದೂ ಬಳಸದಿದ್ದಾಗ ಹೊರಗಿರಬಾರದು. ಒಂದು ಕಾಲದಲ್ಲಿ ಇದೇ ಪಾರ್ಕಿನಲ್ಲಿ ಕಸದ ಗುಂಡಿಗೆ ಬರೋ ಕರಡಿಗಳನ್ನು ನೋಡೋಕೆ ಜನರಿಗೆ ಕೂರೋ ಸಾಲುಗಳನ್ನೇ ಕಟ್ಟಿದ್ದರು. ಗುಂಡಿಗಳನ್ನೆಲ್ಲ 1970ರ ಹೊತ್ತಿಗೆ ಮುಚ್ಚಿದರು. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಕ್ಯಾಂಪಿಗೆ ನುಗ್ಗುತ್ತೆ, ಕೊನೆಗೆ ಅದನ್ನು ಕೊಲ್ಲಬೇಕಾಗಿ ಬರುತ್ತೆ. ಊಟ ಹಾಕಿದವರು ಅಷ್ಟೊತ್ತಿಗೆ ಮನೆ ಸೇರಿರುತ್ತಾರೆ.

ಇಲ್ಲಿಗೆ ಬಂತು ನಿಜವಾದ ತೊಡಕು. ನಮಗೆ ಸಿಕ್ಕ ಮೂರು ರಾತ್ರಿಗಳ ನಡುವೆ ಮಹಾಲಯ ಅಮಾವಾಸ್ಯೆ ಬಿದ್ದಿತ್ತು. ನಮ್ಮಲ್ಲಿ ಅದು ಹಿರಿಯರ ಹಬ್ಬ. ಅಪ್ಪ ಹೋಗಿ ಮೂರು ವರ್ಷ, ಅವ್ವ ಒಂದು ವರ್ಷವೂ ಎಡೆ ತಪ್ಪಿಸಿಲ್ಲ. ಮುದ್ದೆ, ಮಟನ್ ಸಾರು, ವಡೆ, ಜೊತೆಗೊಂದು ಕಟ್ಟು ಬೀಡಿ. ಎಡೆಯಿಂದ ಒಂದು ತುತ್ತು ಮಾಡಿನ ಮೇಲೆ ಕಾಗೆಗೆ. ಕಾಗೆ ಮುಟ್ಟಿದ ಮೇಲೆ ಮನೆಯವರ ಊಟ. ಯೆಲ್ಲೋಸ್ಟೋನಿನಲ್ಲಿ ಯಾವ ಪ್ರಾಣಿಪಕ್ಷಿಗೂ ಊಟ ಹಾಕೋ ಹಾಗಿಲ್ಲ, ಕಾನೂನು. ಅಲ್ಲಿನ ರೇವನ್ ಅನ್ನೋ ದಪ್ಪ ಕಾಗೆಗಳಂತೂ ಜನರ ಬ್ಯಾಗಿನ ಜಿಪ್ಪು ಎಳೆದು ತಿನ್ನೋದನ್ನೇ ಕಲಿತಿವೆ.

ಬುಕಿಂಗ್ ಸಿಕ್ಕ ದಿನವೇ ಕ್ಯಾಲೆಂಡರ್ ನೋಡಿ ಅವ್ವನಿಗೆ ಫೋನ್ ಮಾಡಿದ್ದೆ. ಟಿಕೆಟ್ಟು ಬಿಟ್ಟುಬಿಡೋಣ ಅಂತಲೂ ಹೇಳಿದ್ದೆ, ಮನಸ್ಸಿಂದಲೇ. ಕರಡಿಯ ಕಥೆಯನ್ನೂ ಕಾಗೆಯ ಕಥೆಯನ್ನೂ ಪೂರ್ತಿ ಕೇಳಿಸಿಕೊಂಡಳು. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. "ನಿಮ್ಮಪ್ಪನ ಹೆಸರೇಳಿ ಮಡಗಿದ್ ಎಡೆಗೆ ಒಂದ್ ಮೃಗ ಸಾಯೋದ್ ಬ್ಯಾಡ. ಒಳಗೇ ಮಡಗಾನ."

ಹಾಗೇ ಆಯ್ತು. ಸಾರನ್ನು ಮನೆಯಲ್ಲೇ ಮಾಡಿ ಫ್ರೀಜ್ ಮಾಡಿ ತಂದಿದ್ದೆವು. ನಾಲ್ಕು ಜನ ಒಂದೇ ಹೊತ್ತಿಗೆ ಮುಗಿಸುವಷ್ಟು, ಚೂರೂ ಜಾಸ್ತಿ ಇಲ್ಲ. ಕಿಟಕಿ ಬಾಗಿಲು ಹಾಕಿ, ಊಟದ ಮೇಜಿನ ಮೇಲೆ ಎಲೆ ಹಾಕಿ, ಅಪ್ಪನ ಫೋಟೊವನ್ನು ಮೊಬೈಲಿನಲ್ಲಿ ತೆರೆದಿಟ್ಟು ಕೈಮುಗಿದಳು. ಬೀಡಿ ಕಟ್ಟು ಊರಿಂದಲೇ ಬಂದಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವ್ವ, "ಊರಲ್ಲಿ ನಿಮ್ ದೊಡ್ಡಪ್ಪನೂ ಮಡಗಿರ್ತಾರೆ ಬುಡು. ನಿಮ್ಮಪ್ಪ ಅಲ್ಲಿಗೇ ಹೋಗಿರ್ತಾರೆ. ಇಷ್ಟು ದೂರ ಯಾಕ್ ಬಂದಾರು" ಅಂದಳು. ಹೇಳಿ ಕಣ್ಣೊರೆಸಿಕೊಂಡಳು. ಮೂಳೆಗಳು ಕರಡಿ ತೆಗೆಯಲಾಗದ ಉಕ್ಕಿನ ಕಸದ ಡಬ್ಬಿಗೆ ಹೋದವು.

ಮಿಕ್ಕ ನಿಯಮಗಳೆಲ್ಲ ಇದೇ ಲೆಕ್ಕದವು. ಜನರೇಟರ್ ಹಾಕೋದು ಬೆಳಿಗ್ಗೆ 8ರಿಂದ ರಾತ್ರಿ 8ರೊಳಗೆ ಮಾತ್ರ, ಅದೂ ಬೇಕಾದರೆ. ಪಕ್ಕದವನು ಟೆಂಟಿನಲ್ಲಿ ಮಲಗಿರ್ತಾನೆ, ಅವನಿಗೆ ಗೋಡೆ ಇಲ್ಲ. ರಾತ್ರಿ 10ರ ಮೇಲೆ ಸದ್ದಿಲ್ಲ. ಸೌದೆಯನ್ನು ದೂರದಿಂದ ಹೇರಿಕೊಂಡು ಹೋಗಬಾರದು, ಅದರೊಳಗೆ ಹುಳುಗಳೂ ಪ್ರಯಾಣ ಮಾಡ್ತವೆ. ಬೆಂಕಿ ಆರಿಸಿದ ಮೇಲೆ ಬೂದಿ ಕೈಗೆ ತಣ್ಣಗಾಗೋವರೆಗೂ ನೀರು ಹಾಕಿ ಕಲಸಬೇಕು. 1988ರಲ್ಲಿ ಇಲ್ಲಿನ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಬೆಂಕಿಗೆ ಸಿಕ್ಕಿತು. ಆ ವರ್ಷದ ಅತಿ ದೊಡ್ಡ ಬೆಂಕಿ ಹತ್ತಿದ್ದು ಸೌದೆ ಕಡಿಯೋನೊಬ್ಬ ಎಸೆದ ಸಿಗರೇಟಿನಿಂದ. ಕಾಡುಕೋಣಕ್ಕೆ 25 ಗಜ, ಕರಡಿ ತೋಳಕ್ಕೆ 100 ಗಜ ದೂರ. ಹಿಂದೆ ಕಾರು ಸಾಲುಗಟ್ಟಿದರೆ ಪಕ್ಕದ ಜಾಗಕ್ಕೆ ಎಳೆದು ಬಿಟ್ಟುಕೊಡಿ. ನೋಡೋಕೆ ಅಂತ ನಡುರಸ್ತೆಯಲ್ಲಿ ಮಾತ್ರ ನಿಲ್ಲಿಸಬೇಡಿ.

ಕೊನೆಯ ಕೆಲಸ ಡಂಪ್ ಸ್ಟೇಷನ್. ಟ್ಯಾಂಕು ಖಾಲಿ ಮಾಡೋ ಜಾಗ. ಗ್ಲೌಸ್ ಹಾಕಿಕೊಂಡು, ಪೈಪು ಸಿಕ್ಕಿಸಿ, ಮೊದಲು ಕಕ್ಕಸಿನ ಟ್ಯಾಂಕು, ಆಮೇಲೆ ಬಚ್ಚಲಿನದು. ಆ ಸೋಪು ನೀರೇ ಪೈಪನ್ನೂ ತೊಳೆಯುತ್ತೆ. ವೆಟ್ ವೈಪ್ಸ್ ಹಾಕಬಾರದು, ಫಾರ್ಮಾಲ್ಡಿಹೈಡ್ ಇರೋ ಟ್ಯಾಂಕ್ ಔಷಧಿಯೂ ಬೇಡ, ಕೊಳಚೆಯನ್ನು ಕರಗಿಸೋ ಬ್ಯಾಕ್ಟೀರಿಯಾಗಳನ್ನೇ ಅದು ಕೊಲ್ಲುತ್ತೆ. ಹಿಂದೆ ಕ್ಯೂ ಇರುತ್ತೆ, ಬೇಗ ಮುಗಿಸಿ, ಆದರೆ ಚೆಲ್ಲಿದ್ದನ್ನು ತೊಳೆದೇ ಹೊರಡಿ. ಹತ್ತು ಹದಿನೈದು ನಿಮಿಷದ ಕೆಲಸ. ಪ್ಲಾನ್ ಮಾಡೋವಾಗ ಮಕ್ಕಳಿಗೂ ಇದನ್ನು ತೋರಿಸೋಕೆ ಟೈಮ್ ಇಟ್ಟುಕೊಳ್ಳಿ. ನಮ್ಮ ಮಗಳು ಮೂಗು ಮುಚ್ಚಿಕೊಂಡು ಪೂರ್ತಿ ನೋಡಿದಳು. ಮನೆಗೆ ಬಂದ ಮೇಲೆ ಬಾತ್‌ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು, ನಮ್ಮ ಈ ಮನೆಯ ಟ್ಯಾಂಕು ಎಲ್ಲಿದೆ ಅಂತ. ಇಬ್ಬರೂ ಕೂತು ಹುಡುಕಿದ್ವಿ. ನಮ್ಮ ಊರಿನ ಕೊಳಚೆ ಶುದ್ಧೀಕರಣ ಘಟಕ ಮನೆಯಿಂದ ನಾಲ್ಕೇ ಮೈಲಿ. ಎಷ್ಟೋ ವರ್ಷದಿಂದ ಅದರ ಮುಂದೆಯೇ ಆಫೀಸಿಗೆ ಹೋಗ್ತಿದ್ದೀನಿ.