ಕಪ್ ಯಾರಿಗೆ ಮೇಷ್ಟ್ರೇ?

ನಾನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲೇ ಹೊನಲು ಬೆಳಕಿನ ಕಬಡ್ಡಿ ಇಟ್ಟರೂ ನನಗೊಂದು ಫೋನು ಬರುತ್ತೆ. "ಅಂಪೈರಿಂಗ್‌ಗೆ ಬರ್ಲೇಬೇಕು ಮೇಷ್ಟ್ರೇ, ಕಾರ್ ಕಳಿಸ್ತೀವಿ" ಅಂತಾರೆ. ಕಾರು ಬಂದದ್ದು ಕಡಿಮೆ, ನನ್ನ ಬೈಕಲ್ಲೇ ಹೋದದ್ದು ಜಾಸ್ತಿ. ಆದರೂ ಹೋಗುತ್ತೇನೆ. ಮಣ್ಣಿನ ಅಂಕಣ, ಸುತ್ತ ಕಟ್ಟಿದ ಹಗ್ಗ, ಮೈಕಲ್ಲಿ ಉಸಿರು ಬಿಡದೆ ಕೂಗುವ ಹುಡುಗ, ಇದನ್ನೆಲ್ಲ ಬಿಟ್ಟು ಮನೇಲಿ ಕೂರೋದು ನನ್ನ ಕೈಲಾಗುವುದಿಲ್ಲ.

ಕಷ್ಟ ಶುರುವಾಗುವುದು ಫೈನಲ್ ಮುಗಿದ ಮೇಲೆ. ಗೆದ್ದವರು ಕುಣಿಯುತ್ತಿರುತ್ತಾರೆ, ವೇದಿಕೆ ಮೇಲೆ ಗಣ್ಯರು ಗಡಿಯಾರ ನೋಡುತ್ತಿರುತ್ತಾರೆ. ಸಂಘದ ಹುಡುಗನೊಬ್ಬ ಓಡಿ ಬಂದು ಕಿವೀಲಿ ಕೇಳುತ್ತಾನೆ: "ಬೆಸ್ಟ್ ಪ್ಲೇಯರ್ ಕಪ್ ಯಾರಿಗೆ ಮೇಷ್ಟ್ರೇ?" ಐದು ನಿಮಿಷದಲ್ಲಿ ಹೆಸರು ಬೇಕು. ನನ್ನ ಕೈಲಿರುವುದು ಸ್ಕೋರ್ ಶೀಟು. ಅದರಲ್ಲಿ ಯಾರ ಹೆಸರಿನ ಮುಂದೆ ಗೀಟು ಜಾಸ್ತಿ ಇದೆಯೋ ಅವನೇ ಬೆಸ್ಟು. ಅಂದರೆ ಯಾವಾಗಲೂ ರೈಡರ್.

ಕಬಡ್ಡಿ ಗೊತ್ತಿದ್ದವರಿಗೆ ಇದರಲ್ಲಿರುವ ಅನ್ಯಾಯ ಬಿಡಿಸಿ ಹೇಳಬೇಕಿಲ್ಲ. ರೈಡರ್ ಒಬ್ಬನೇ ಹೋಗುತ್ತಾನೆ, ಎಲ್ಲರ ಕಣ್ಣೂ ಅವನ ಮೇಲೆ. ಹಿಡಿಯುವವರು ಏಳು ಜನ. ಕಾರ್ನರ್‌ನವನು ಕಾಲು ಹಿಡಿಯುತ್ತಾನೆ, ಕವರ್‌ನವನು ಬಂದು ಅಪ್ಪಳಿಸುತ್ತಾನೆ, ಉಳಿದವರು ಮೇಲೆ ಬೀಳುತ್ತಾರೆ. ಪಾಯಿಂಟು ಬರೆಯುವಾಗ ಹೆಸರು ಮಾತ್ರ ಒಂದೇ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಒಳ್ಳೆಯ ಕಾರ್ನರ್ ಇರುವ ಕಡೆಗೆ ರೈಡರ್ ಹೋಗುವುದೇ ಇಲ್ಲ. ಅಲ್ಲೇ ಗೆರೆ ಹತ್ತಿರ ಸುಳಿದಾಡಿ, ಬಾಕ್ ಲೈನ್ ಮುಟ್ಟಿ, ಖಾಲಿ ಕೈಲಿ ವಾಪಸ್ ಬರುತ್ತಾನೆ. ಆ ಹೆದರಿಕೆಗೆ ಪಾಯಿಂಟಿಲ್ಲ, ಶೀಟಿನಲ್ಲಿ ಜಾಗವೂ ಇಲ್ಲ.

ಇದು ನಮ್ಮೂರ ಕಥೆ ಮಾತ್ರ ಅಂದುಕೊಂಡಿದ್ದೆನೇನೋ, ಬ್ಯಾಸ್ಕೆಟ್‌ಬಾಲ್ ಹುಚ್ಚು ಹಿಡಿಯದೇ ಇದ್ದಿದ್ದರೆ. ಮೈಸೂರಲ್ಲಿ ಬಿ.ಪಿ.ಎಡ್. ಓದುವಾಗ ಹತ್ತಿದ ಹುಚ್ಚು ಅದು. ಅಮೆರಿಕದ ಎನ್‌ಬಿಎ ಪಂದ್ಯಗಳು ನಮಗೆ ಬೆಳಗಿನ ಜಾವ ಬರುತ್ತವೆ. ಊರಿನವರು ಡೈರಿಗೆ ಹಾಲು ಹಾಕಲು ಸಾಲು ನಿಲ್ಲುವ ಹೊತ್ತಿಗೆ ನಾನು ಮೊಬೈಲು ಹಿಡಿದು ಜಗಲಿ ಮೇಲೆ ಕೂತಿರುತ್ತೇನೆ. ಅಲ್ಲೂ ವರ್ಷವರ್ಷ ಇದೇ ಜಗಳ: ಎಂವಿಪಿ ಯಾರು? ಅಂದರೆ ಆ ಸಾಲಿನ ಅತ್ಯಂತ ಬೆಲೆಬಾಳುವ ಆಟಗಾರ ಯಾರು? 1956ರಲ್ಲಿ ಬಾಬ್ ಪೆಟಿಟ್‌ಗೆ ಮೊದಲ ಸಲ ಕೊಟ್ಟಾಗಿನಿಂದ ಆ ಜಗಳ ನಿಂತಿಲ್ಲ.

ಅದರಲ್ಲಿ ನನ್ನನ್ನು ಬಹಳ ಕಾಡಿದ್ದು 1961-62ರ ಸಾಲು. ವಿಲ್ಟ್ ಚೇಂಬರ್ಲೇನ್ ಆ ಸಾಲಿನಲ್ಲಿ ಪಂದ್ಯಕ್ಕೆ ಸರಾಸರಿ 50.4 ಅಂಕ ಹೊಡೆದ. ಒಂದು ಪಂದ್ಯದಲ್ಲಂತೂ ಒಬ್ಬನೇ 100. ಆಸ್ಕರ್ ರಾಬರ್ಟ್‌ಸನ್ ಸರಾಸರಿ 30.8 ಅಂಕ, 12.5 ರಿಬೌಂಡ್, 11.4 ಅಸಿಸ್ಟ್. ಇಬ್ಬರದೂ ಅಲ್ಲಿಯವರೆಗೆ ಯಾರೂ ಕಾಣದ ಲೆಕ್ಕ. ಎಂವಿಪಿ ಹೋದದ್ದು ಮಾತ್ರ ಸರಾಸರಿ 18.9 ಅಂಕದ ಬಿಲ್ ರಸೆಲ್‌ಗೆ! ಚೇಂಬರ್ಲೇನ್ ಎರಡನೆಯವನು, ರಾಬರ್ಟ್‌ಸನ್ ಮೂರನೆಯವನು. ಇವತ್ತಿನ ಹುಡುಗರು ಈ ಪಟ್ಟಿ ನೋಡಿದರೆ "ಏನ್ ಸಾ, ದುಡ್ಡು ಕೊಟ್ಟಿದ್ರಾ?" ಅಂತ ಕೇಳುತ್ತಾರೆ. ಕೇಳಿಯೂ ಇದ್ದಾರೆ.

ದುಡ್ಡಲ್ಲ, ಮತ ಹಾಕಿದವರು ಬೇರೆ. ಆಗ ಎಂವಿಪಿಯನ್ನು ಆರಿಸುತ್ತಿದ್ದದ್ದು ಆಟಗಾರರೇ. ಅದೇ ಸಾಲಿನ ಅತ್ಯುತ್ತಮ ಐವರ ತಂಡವನ್ನು ಆರಿಸಿದ್ದು ಪತ್ರಕರ್ತರು. ಅವರು ಸೆಂಟರ್ ಜಾಗಕ್ಕೆ ಚೇಂಬರ್ಲೇನ್‌ನನ್ನು ಹಾಕಿ, ರಸೆಲ್‌ನನ್ನು ಎರಡನೇ ತಂಡಕ್ಕೆ ಇಳಿಸಿದರು. ಒಂದೇ ವರ್ಷ, ಅವೇ ಪಂದ್ಯಗಳು. ಅಂಕಣದ ಹೊರಗೆ ಪೆನ್ನು ಹಿಡಿದು ಕೂತವರಿಗೆ ಒಬ್ಬ ದೊಡ್ಡವನಾಗಿ ಕಂಡ, ಒಳಗೆ ಅವನ ಎದುರು ನಿಂತು ಬೆವರಿಳಿಸಿದವರಿಗೆ ಇನ್ನೊಬ್ಬ.

ಒಳಗಿದ್ದವರಿಗೆ ಏನು ಕಂಡಿತ್ತು? ರಸೆಲ್‌ನ ದೊಡ್ಡ ಕಸುಬು ತಡೆಯುವುದು. ಎದುರಾಳಿ ಬುಟ್ಟಿಯತ್ತ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆದು, ಅಂಕಣದಾಚೆಗೆ ಬಡಿಯದೆ ತನ್ನವರ ಕೈಗೇ ಸಿಗುವ ಹಾಗೆ ತಟ್ಟುತ್ತಿದ್ದ. ಅವನು ನಿಂತಿದ್ದಾನೆ ಅಂತಲೇ ಎಷ್ಟೋ ಜನ ಬುಟ್ಟಿಯ ಹತ್ತಿರ ಸುಳಿಯುತ್ತಿರಲಿಲ್ಲ. ಥೇಟ್ ನಮ್ಮ ಕಾರ್ನರ್! 13 ಸಾಲು ಆಡಿದ, ಅವನ ತಂಡ 11 ಸಲ ಚಾಂಪಿಯನ್ ಆಯಿತು. ಈಗ ಅವನ ಬ್ಲಾಕ್‌ಗಳು ಎಷ್ಟು ಅಂತ ದಾಖಲೆ ತೆಗೆದರೆ ಆ ಅಂಕಣ ಖಾಲಿ. ಎನ್‌ಬಿಎ ಬ್ಲಾಕ್ ಮತ್ತು ಸ್ಟೀಲ್ ಲೆಕ್ಕವನ್ನು ಅಧಿಕೃತವಾಗಿ ಇಡಲು ಶುರುಮಾಡಿದ್ದೇ 1973-74ರಲ್ಲಿ. ರಸೆಲ್ ಆಟ ಬಿಟ್ಟದ್ದು 1969ರಲ್ಲಿ.

1980-81ರಿಂದ ಎಂವಿಪಿ ಮತ ಪತ್ರಕರ್ತರ ಕೈಗೆ ಬಂತು. ಆಮೇಲಿನ ಪಟ್ಟಿಯನ್ನು ಈಗ ಕೂತು ನೋಡಿದರೆ ಬೇರೆಯದೇ ಮಜಾ. 2017ರಲ್ಲಿ ರಸೆಲ್ ವೆಸ್ಟ್‌ಬ್ರೂಕ್, ಹಿಂದೆ ರಾಬರ್ಟ್‌ಸನ್ ಮಾಡಿದ್ದನ್ನೇ ಮಾಡಿದ. ಅಂಕ, ರಿಬೌಂಡ್, ಅಸಿಸ್ಟ್ ಮೂರರಲ್ಲೂ ಸರಾಸರಿ ಹತ್ತು ದಾಟಿದ. ಅವನಿಗೆ ಎಂವಿಪಿ ಬಂತು. 55 ವರ್ಷದ ಹಿಂದೆ ಅದೇ ಸಾಧನೆಗೆ ಮೂರನೇ ಸ್ಥಾನ! ಆಟ ಅದೇ, ನಡುವೆ ಹುಟ್ಟಿದ್ದು ಒಂದು ಹೆಸರು: ಟ್ರಿಪಲ್ ಡಬಲ್. ಹೆಸರಿಟ್ಟ ಮೇಲೆ ಎಣಿಸುತ್ತೇವೆ, ಎಣಿಸಿದ ಮೇಲೆ ಕಪ್ ಕೊಡುತ್ತೇವೆ.

ಮೈಕಲ್ ಜೋರ್ಡನ್‌ನ ಕಥೆ ಕೇಳಿ. 1993ರಲ್ಲಿ ಎಂವಿಪಿ ಚಾರ್ಲ್ಸ್ ಬಾರ್ಕ್ಲಿಗೆ, 1997ರಲ್ಲಿ ಕಾರ್ಲ್ ಮಲೋನ್‌ಗೆ. ಎರಡು ಸಲವೂ ಅದೇ ಬಾರ್ಕ್ಲಿ, ಅದೇ ಮಲೋನ್ ಫೈನಲ್‌ನಲ್ಲಿ ಜೋರ್ಡನ್‌ನ ತಂಡದ ಎದುರು ಸೋತರು. ನಿಯಮದ ಪ್ರಕಾರ ಇದರಲ್ಲಿ ತಪ್ಪಿಲ್ಲ, ಎಂವಿಪಿ ಕೊಡುವುದು ಲೀಗ್ ಹಂತದ ಆಟಕ್ಕೆ, ಫೈನಲ್‌ಗಲ್ಲ. ಆದರೂ ದಿನಾ ಅನ್ನ ಸಾರು ತಿಂದವನಿಗೆ ಅದರ ರುಚಿ ಮರೆತುಹೋಗುವ ಹಾಗೆ, ಬರೆಯುವವರಿಗೆ ಜೋರ್ಡನ್ ಹಳಬನಾಗಿದ್ದ ಅಂತ ನನ್ನ ಅನುಮಾನ.

ಹಾಗಂತ ಪತ್ರಕರ್ತರಿಗೆ ಕಣ್ಣೇ ಇಲ್ಲ ಅನ್ನಲಾರೆ. 2005ರಲ್ಲಿ ಅವರು ಸ್ಟೀವ್ ನ್ಯಾಶ್‌ಗೆ ಮತ ಹಾಕಿದರು. ಸರಾಸರಿ 15.5 ಅಂಕದ ಮನುಷ್ಯ. ಆದರೆ ಅವನು ಬಂದ ಮೇಲೆ ಹಿಂದಿನ ವರ್ಷ 29 ಪಂದ್ಯ ಗೆದ್ದಿದ್ದ ಫೀನಿಕ್ಸ್ ತಂಡ 62 ಗೆದ್ದಿತು. ಉಳಿದವರ ಕೈಗೆ ಸರಿಯಾದ ಹೊತ್ತಿಗೆ ಚೆಂಡು ಕೊಡುವುದೇ ಅವನ ಆಟ. ಇನ್ನು ಆಟಗಾರರ ಮತವೂ ದೇವರ ವಾಕ್ಯವಲ್ಲ. ಜೆರ್ರಿ ವೆಸ್ಟ್ ಆಡಿದ್ದೆಲ್ಲ ಆಟಗಾರರೇ ಮತ ಹಾಕುತ್ತಿದ್ದ ಕಾಲದಲ್ಲಿ, ಅವನಿಗೆ ಒಂದು ಸಲವೂ ಎಂವಿಪಿ ಬರಲಿಲ್ಲ. 1969ರಲ್ಲಿ ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಮೊದಲ ಸಲ ಶುರುವಾದಾಗ ಸಿಕ್ಕಿತು, ಅದೂ ಎರಡೇ ಅಂಕದಿಂದ ಫೈನಲ್ ಸೋತ ದಿನ.

ಬ್ಯಾಸ್ಕೆಟ್‌ಬಾಲ್ ದೂರ ಅನ್ನುವವರು 1985 ನೆನೆಸಿಕೊಳ್ಳಿ. ಮೆಲ್ಬರ್ನ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ರವಿಶಾಸ್ತ್ರಿ ಗೆದ್ದ ಆಡಿ ಕಾರು ನಮ್ಮ ವಯಸ್ಸಿನ ಯಾರಿಗೆ ಮರೆತಿದೆ? ಇಡೀ ತಂಡ ಅದರ ಮೇಲೆ ಹತ್ತಿ ಕೂತಿತ್ತು. ಆ ಟೂರ್ನಿಯಲ್ಲಿ ವಿಕೆಟ್ ಹಿಂದೆ ಕೂತು, ಶಿವರಾಮಕೃಷ್ಣನ್‌ರ ಸ್ಪಿನ್‌ಗೆ ಫೈನಲ್‌ನಲ್ಲಿ ಮಿಯಾಂದಾದ್‌ರನ್ನು ಸ್ಟಂಪ್ ಮಾಡಿದ್ದು ನಮ್ಮ ಬೆಂಗಳೂರಿನ ಸದಾನಂದ ವಿಶ್ವನಾಥ್. ಕಾರು ಶಾಸ್ತ್ರಿಯವರಿಗೆ ಸಲ್ಲಬೇಕಾದದ್ದೇ. ಆದರೆ ಕಾರಿನ ಬಣ್ಣ ಹೇಳುವವರಿಗೂ ಕೀಪರ್ ಹೆಸರು ಬಾಯಿಗೆ ಬರುವುದಿಲ್ಲ. ಹಾಗೆಯೇ 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದಾಗ ನಮ್ಮೂರ ಹುಡುಗರೆಲ್ಲ ಪವನ್ ಶೆರಾವತ್ ಆಗಲು ಹೊರಟರು. ಫೈನಲ್ ಒಂದರಲ್ಲೇ 22 ರೈಡ್ ಪಾಯಿಂಟು, ಆ ಸಾಲಿನ ಎಂವಿಪಿ, ಹೊರಡದೇ ಏನು ಮಾಡಿಯಾರು? ಅದೇ ತಂಡದ ಡಿಫೆಂಡರ್ ಮಹೇಂದರ್ ಸಿಂಗ್ ಆಗ್ತೀನಿ ಅಂದ ಒಬ್ಬನನ್ನೂ ನಾನು ಕಾಣಲಿಲ್ಲ.

"ಒಂದು ಪ್ಲಾಸ್ಟಿಕ್ ಕಪ್ಪಿಗೆ ಇಷ್ಟು ತಲೆ ಕೆಡಿಸ್ಕೋತೀರಾ?" ಅಂತ ನನ್ನ ಹೆಂಡತಿ ಕೇಳುತ್ತಾಳೆ. ಕೆ.ಆರ್.ಪೇಟೆ ಕಡೆಯ ಒಬ್ಬ ಹುಡುಗನ ಕಥೆ ಹೇಳಿದ ಮೇಲೆ ಅವಳೂ ಸುಮ್ಮನಾದಳು. ಒಂಬತ್ತನೇ ಕ್ಲಾಸು, ಎಡಗಡೆ ಕಾರ್ನರ್. ಹಿಡಿದರೆ ಉಡದ ಪಟ್ಟು. ಮೂರು ವರ್ಷ ತಾಲ್ಲೂಕು ಮಟ್ಟದಲ್ಲಿ ಅವನ ಕಡೆಗೆ ರೈಡರ್‌ಗಳು ಮುಖ ಹಾಕುತ್ತಿರಲಿಲ್ಲ. ಪ್ರಾಕ್ಟೀಸಿಗೆ ಬರುವುದು ನಿಂತಿತು ಅಂತ ಮನೆಗೇ ಹೋದೆ. ಅವರಪ್ಪ ಗದ್ದೆ ಬದುವಿನ ಮೇಲೆ ನಿಂತು ಹೇಳಿದರು: "ಮೂರ್ ವರ್ಸದಿಂದ ಓಡಾಡ್ತಾವ್ನೆ ಸಾ, ಒಂದ್ ಕಪ್ಪಾದ್ರೂ ತಂದವ್ನಾ? ಪಕ್ಕದ್ಮನೆ ಹೈದ ಶೋಕೇಸ್ ತುಂಬ್ಸವ್ನೆ. ಇವ್ನ್ಗೆ ಆಟ ಬರಾಕಿಲ್ಲ ಬುಡಿ, ಕಬ್ಬು ಕಡೀಲಿ."

ಪಕ್ಕದ ಮನೆಯ ಹೈದ ಅದೇ ತಂಡದ ರೈಡರ್. ನಾನು ಸ್ಕೋರ್ ಶೀಟುಗಳನ್ನು ತೋರಿಸಿ ಒಪ್ಪಿಸೋಣ ಅಂತ ತೆಗೆದೆ. ಹುಡುಗನ ಹೆಸರಿನ ಮುಂದೆ ಒಂದರಲ್ಲಿ ಎರಡು, ಇನ್ನೊಂದರಲ್ಲಿ ಒಂದು, ಮತ್ತೊಂದರಲ್ಲಿ ಸೊನ್ನೆ. ಅವರಪ್ಪ ಓದು ಬಾರದವರಲ್ಲ. ಕಾಗದ ನೋಡಿದರು, ನನ್ನ ಮುಖ ನೋಡಿದರು, ಕುಡುಗೋಲು ಎತ್ತಿಕೊಂಡರು. ಆ ಹುಡುಗ ಮತ್ತೆ ಆಡಲು ಬರಲಿಲ್ಲ. ಅವನಿಗೆ ಯಾರೂ ಮೋಸ ಮಾಡಿರಲಿಲ್ಲ, ಅವನು ಆಡಿದ ಆಟವನ್ನು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ ಅಷ್ಟೆ.

ಆಮೇಲಿನಿಂದ ನನ್ನ ಶೀಟಿನಲ್ಲಿ ಸ್ಕೇಲು ಇಟ್ಟು ಇನ್ನೊಂದು ಕಾಲಂ ಎಳೆಯುತ್ತೇನೆ. ರೈಡರ್ ಯಾವ ಕಡೆಗೆ ಹೋಗದೆ ಖಾಲಿ ಬಂದನೋ ಆ ಕಡೆಯ ಕಾರ್ನರ್‌ಗೆ ಒಂದು ಚುಕ್ಕಿ. ಫೈನಲ್ ಮುಗಿದ ಕೂಡಲೇ ಎರಡೂ ತಂಡದ ರೈಡರ್‌ಗಳನ್ನು ಬೇರೆಬೇರೆ ಕರೆದು ಒಂದೇ ಪ್ರಶ್ನೆ: "ಎದುರು ತಂಡದಲ್ಲಿ ಯಾರನ್ನ ಕಂಡ್ರೆ ಭಯ ಆಯ್ತು?" ಚೀಟಿಯಲ್ಲಿ ಬರೆದು ಕೊಡಬೇಕು. ರಸೆಲ್‌ನನ್ನು ಆರಿಸಿದ ಪದ್ಧತಿಯನ್ನೇ ನಾನು ನಮ್ಮ ಮಣ್ಣಿಗೆ ತಂದದ್ದು. ಚೀಟಿಯೂ ಚುಕ್ಕಿಯೂ ಗೀಟೂ ಮೂರನ್ನೂ ಜೊತೆಗಿಟ್ಟು ನೋಡುತ್ತೇನೆ. ಹೊಟ್ಟೆಕಿಚ್ಚಿನ ಚೀಟಿ ಇದ್ದರೆ ಚುಕ್ಕಿ ಹೇಳುತ್ತೆ. ರೈಡರ್‌ಗೇ ಸಲ್ಲಬೇಕಾದ ದಿನ ರೈಡರ್‌ಗೇ ಕೊಡುತ್ತೇನೆ, ಅಂಥ ದಿನಗಳೇ ಜಾಸ್ತಿ.

ಹೋದ ಸಲ ನಾಗಮಂಗಲದ ಕಡೆ ಒಂದು ಊರಲ್ಲಿ ನಾಲ್ಕು ಚೀಟಿಯಲ್ಲಿ ಮೂರರಲ್ಲಿ ಒಂದೇ ಹೆಸರು ಬಂತು, ಬಲಗಡೆ ಕಾರ್ನರ್‌ನ ಹುಡುಗ, ಸೋತ ತಂಡದವನು. ಕಪ್ ಕೊಟ್ಟಿದ್ದ ದಾನಿಗಳು "ಸೋತವ್ನಿಗಾ ಮೇಷ್ಟ್ರೇ?" ಅಂತ ಹುಬ್ಬೇರಿಸಿದರು. ನಾನು ಜೆರ್ರಿ ವೆಸ್ಟ್ ಕಥೆ ಹೇಳಲು ಹೊರಟೆ, ಅಷ್ಟರಲ್ಲಿ ಗೆದ್ದ ತಂಡದ ರೈಡರೇ ಮಧ್ಯೆ ಬಾಯಿ ಹಾಕಿದ: "ಅವನ್ಗೇ ಕೊಡಿ ಸಾ. ಆ ಕಡೀಕೆ ಹೋದ್ರೆ ವಾಪಸ್ ಬರಾಕಾಗಕಿಲ್ಲ ಅಂತ ನಮ್ಗೊತ್ತಿತ್ತು."

ಮೈಕಿನಲ್ಲಿ ಹೆಸರು ಕೂಗಿದರು. ಹುಡುಗ ಮಂಡಿಗೆ ಮೆತ್ತಿದ ಮಣ್ಣು ಒರೆಸಿಕೊಳ್ಳುತ್ತ ವೇದಿಕೆ ಹತ್ತಿದ. ನಾನು ಬೈಕ್ ಹತ್ತಿರ ಬರುವಷ್ಟರಲ್ಲಿ ಆ ರೈಡರ್ ಹಿಂದೆಯೇ ಬಂದು ನಿಂತ. ಅವನಿಗೆ ಕಪ್ ತಪ್ಪಿದ ಬೇಜಾರಿರಬೇಕು ಅಂದುಕೊಂಡೆ. ಅವನು ಕೇಳಿದ್ದು ಬೇರೆ: "ಸಾ, ಮುಂದಿನ ಮ್ಯಾಚಲ್ಲಿ ನಾನು ಕವರ್‌ನಲ್ಲಿ ನಿಂತಾಗ್ಲೂ ಆ ಚುಕ್ಕಿ ಹಾಕ್ತೀರಾ?"