ಪೇಠ್ ನಾಕಾದ ಬೆಂಚು

ರಾತ್ರಿಯನ್ನು ನಿದ್ರೆಗೆಂದು ಮೀಸಲಿಟ್ಟವರು ನಮ್ಮ ಹಿರಿಯರು. ಕಳ್ಳರು, ಕಾವಲುಗಾರರು, ಪರೀಕ್ಷೆಗೆ ಓದುವ ಹುಡುಗರು, ಇವರನ್ನು ಬಿಟ್ಟರೆ ಆ ಹೊತ್ತಿನಲ್ಲಿ ಎಚ್ಚರವಿರಲು ಯಾರಿಗೂ ಕಾರಣವಿರಲಿಲ್ಲ. ಈಚೆಗೆ ಈ ಪಟ್ಟಿಗೆ ಇನ್ನೊಂದು ಪಂಗಡ ಸೇರಿದೆ: ಮೋಟರು ಸೈಕಲ್ಲಿನ ಮೇಲೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ಸಾವಿರ ಮೈಲಿ ಸಾಗಿ, ಹೊರಟ ಊರಿಗೇ ಹಿಂದಿರುಗುವವರ ಪಂಗಡ. ಅಷ್ಟು ದೂರ ಹೋಗಿ ಅಲ್ಲಿ ಏನು ಮಾಡಿದಿರಿ ಎಂದು ಕೇಳಿದರೆ, ಪೆಟ್ರೋಲು ಹಾಕಿಸಿದೆವು ಎನ್ನುತ್ತಾರೆ.

ಈ ವ್ರತಕ್ಕೆ ನಿಯಮ ವಿಧಿಸಿರುವುದು ಅಮೆರಿಕದ ಒಂದು ಸಂಘ. ಹೆಸರು ಐರನ್ ಬಟ್ ಅಸೋಸಿಯೇಷನ್. ಸಂಸಾರವಂದಿಗರು ಓದುವ ಪತ್ರಿಕೆಯಲ್ಲಿ ಈ ಹೆಸರನ್ನು ಕನ್ನಡಿಸುವುದು ಉಚಿತವಾಗಲಾರದು. ಬಹುಹೊತ್ತು ಆಸನದ ಮೇಲೆ ಊರಿರಬಲ್ಲ ಅಂಗವೊಂದನ್ನು ಲೋಹಕ್ಕೆ ಹೋಲಿಸಿದ್ದಾರೆ ಎಂದಷ್ಟೇ ಹೇಳಿದರೆ ಸಾಕು. ಆ ಸಂಘದ ಹೆಸರಾಂತ ಸ್ಪರ್ಧೆ 1984ರಲ್ಲಿ ಆರಂಭವಾಯಿತು. ಈಗ ಅದು ಹನ್ನೊಂದು ದಿನಗಳಲ್ಲಿ ಸುಮಾರು ಹನ್ನೊಂದು ಸಾವಿರ ಮೈಲಿಗಳ ಯಾತ್ರೆ. ಸಾವಿರ ಮೈಲಿಯ ‘ಸ್ಯಾಡಲ್‌ಸೋರ್’ ಸವಾರಿ ಆ ಮನೆಯ ಹೊಸ್ತಿಲು ಮಾತ್ರ. ಹೊಸ್ತಿಲು ದಾಟಿದವನಿಗೆ ಒಂದು ಪ್ರಮಾಣಪತ್ರ. ಹಣವಿಲ್ಲ, ಹಾರವಿಲ್ಲ.

ಆದರೆ ಆ ಪತ್ರ ಸುಲಭವಾಗಿ ದಕ್ಕುವುದಲ್ಲ. ಹೊರಟದ್ದಕ್ಕೂ ತಲಪಿದ್ದಕ್ಕೂ ಪುರಾವೆ ಒದಗಿಸಬೇಕು. ದಾರಿಯುದ್ದಕ್ಕೂ ಪೆಟ್ರೋಲ್ ಬಂಕುಗಳ ರಸೀದಿ ಕೂಡಿಡಬೇಕು. ಅದರಲ್ಲಿ ಊರು, ದಿನ, ಗಂಟೆ ಅಚ್ಚಾಗಿರಬೇಕು. ನಮ್ಮ ಹೆದ್ದಾರಿಗಳ ಸುಂಕದ ಕಟ್ಟೆಯಲ್ಲಿ ಎರಡು ಚಕ್ರದವನಿಗೆ ಸುಂಕವಿಲ್ಲ, ಆದುದರಿಂದ ಚೀಟಿಯೂ ಇಲ್ಲ. ಬಂಕಿನ ಯಂತ್ರದ ಗಡಿಯಾರ ತಪ್ಪಿದ್ದರೆ ಸವಾರನ ರಾತ್ರಿಯೆಲ್ಲ ನೀರಿನಲ್ಲಿ ಹೋಮ. ಗಾಡಿಯ ಮೀಟರು ತೋರಿಸುವ ದೂರವನ್ನೂ ಸಂಘ ಪೂರ್ತಿ ನಂಬುವುದಿಲ್ಲ. ನಕ್ಷೆಯ ಮೇಲೆ ಅಳೆದು ನೋಡುತ್ತದೆ.

ಹೋದ ಚಳಿಗಾಲದ ಒಂದು ಶುಕ್ರವಾರ ಸಂಜೆ ಆರು ಗಂಟೆಗೆ ನೆಲಮಂಗಲದ ಬಳಿಯ ಬಂಕೊಂದರಿಂದ ಹನ್ನೆರಡು ಜನ ಹೊರಟರು. ಅವರಲ್ಲೊಬ್ಬ ಬೆಂಗಳೂರಿನ ಬ್ಯಾಂಕು ನೌಕರ. ನಲವತ್ತು ದಾಟಿದ ಗೃಹಸ್ಥ. ಎರಡು ಮಕ್ಕಳ ತಂದೆ. ಎರಡು ವರ್ಷ ಹಣ ಕೂಡಿಟ್ಟು ಕೊಂಡ ಗಾಡಿ. ಹೆಂಡತಿ, “ಮನೆಗೆ ಬರೋವಾಗ ಫೋನ್ ಮಾಡಿ” ಎಂದಳು. ಹೋಗುವಾಗ ಮಾಡಿ ಎನ್ನಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ತಂದೆ ಮಾತ್ರ ಏನನ್ನೂ ಹೇಳಲಿಲ್ಲ. ಅವರು ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಡ್ರೈವರು. ಅದರಲ್ಲಿ ಹೆಚ್ಚಿನ ಕಾಲ ಬೆಂಗಳೂರು–ಬೆಳಗಾವಿ ರಾತ್ರಿ ಸರದಿ. ಹೊಟ್ಟೆಪಾಡಿಗೆಂದು ತಾವು ಕೆಟ್ಟ ನಿದ್ರೆಯನ್ನು ಮಗ ಹಣ ಕೊಟ್ಟು ಕೆಡುವುದು ಅವರಿಗೆ ಅರ್ಥವಾಗಿರಲಿಲ್ಲ.

ಹಾದಿ ಅದೇ. ಆಗ ಅದು ರಾಷ್ಟ್ರೀಯ ಹೆದ್ದಾರಿ 4; ಎದುರಿಗೆ ಲಾರಿ ಬಂದರೆ ಒಂದು ಕಡೆಯ ಚಕ್ರ ಮಣ್ಣಿಗಿಳಿಯುತ್ತಿತ್ತು. ಈಗ ಅದರ ಸಂಖ್ಯೆ 48, ನಡುವೆ ಕಣಗಿಲೆ ಹೂವಿನ ಸಾಲು. ಪುಣೆಯ ಅಂಚನ್ನು ಮುಟ್ಟಿ ಹಿಂದಿರುಗಿದರೆ ಸುಮಾರು 1,650 ಕಿಲೋಮೀಟರು. ಮೋಟರು ಸೈಕಲ್ಲಿಗೆ ಇಂಥ ಹೆದ್ದಾರಿಯಲ್ಲಿ ಕಾನೂನು ಒಪ್ಪುವ ವೇಗ ಗಂಟೆಗೆ 80. ಎಲ್ಲಿಯೂ ನಿಲ್ಲದೆ, ಎಲ್ಲಿಯೂ ತಗ್ಗಿಸದೆ ಅದೇ ವೇಗದಲ್ಲಿ ಓಡಿದರೂ ಇಪ್ಪತ್ತೂವರೆ ಗಂಟೆ ಮೀರುತ್ತದೆ. ಉಳಿಯುವುದು ಮೂರೂವರೆಗೂ ಕಡಿಮೆ. ಪೆಟ್ರೋಲು, ಊಟ, ಊರೂರ ಜನಸಂದಣಿ, ಎಲ್ಲವೂ ಅದರೊಳಗೇ ಆಗಬೇಕು. ನಿದ್ರೆಗೆ ಲೆಕ್ಕದಲ್ಲಿ ಜಾಗವಿಲ್ಲ.

ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಕತ್ತಲಲ್ಲಿ ಕಾಣಲಿಲ್ಲ. ದಾವಣಗೆರೆ, ಹಾವೇರಿ ದೀಪಗಳ ಗೊಂಚಲಿನಂತೆ ಹಿಂದೆ ಸರಿದವು. ಧಾರವಾಡ ದಾಟಿದ ಮೇಲೆ ಚಳಿ ಕೈಗವಸಿನೊಳಗೆ ಇಳಿಯಿತು. ಬೆಳಗಾವಿಯ ಬಂಕಿನಲ್ಲಿ ರಸೀದಿ ಮಡಿಸಿಡುವಾಗ ಬೆರಳುಗಳು ಹೇಳಿದ ಮಾತು ಕೇಳಲಿಲ್ಲ. ಜೊತೆಗಾರರು ಹಿಂದೆ ಮುಂದೆ ಚದುರಿ, ಕೊಲ್ಹಾಪುರ ದಾಟುವ ಹೊತ್ತಿಗೆ ಆತ ಒಂಟಿ. ಗಂಟೆ ಮೂರೂವರೆ.

ಎರಡರಿಂದ ಆರರವರೆಗೆ ಮನುಷ್ಯದೇಹ ನಿದ್ರೆಯ ಕಡೆಗೇ ವಾಲುತ್ತದೆ. ಮನಸ್ಸು ಎಷ್ಟೇ ಹಟ ಹಿಡಿದರೂ ಕಣ್ಣು ತನ್ನ ಧಣಿಯನ್ನು ಬದಲಾಯಿಸುತ್ತದೆ. ಆತ ಹಾಡಿದ. ಮುಖದ ಗಾಜನ್ನು ಎತ್ತಿ ತಣ್ಣನೆಯ ಗಾಳಿ ಹೊಡೆಸಿಕೊಂಡ. ಮಗ್ಗಿ ಹೇಳಿದ. ಹದಿಮೂರರ ಮಗ್ಗಿ ಎಲ್ಲೋ ನಡುವೆ ನಿಂತುಹೋಯಿತು. ಮರುಕ್ಷಣ ಕಣ್ಣೆದುರಿಗೆ ಒಂದು ಕಪ್ಪು ಗೋಡೆ! ಅದು ಕಬ್ಬು ಹೇರಿದ ಟ್ರ್ಯಾಕ್ಟರಿನ ಟ್ರೇಲರು, ಹಿಂದೆ ದೀಪವಿಲ್ಲ. ಆ ಸೀಮೆಯಲ್ಲಿ ಚಳಿಗಾಲ ಕಬ್ಬು ಅರೆಯುವ ಕಾಲ; ರಾತ್ರಿಯಿಡೀ ಇಂಥ ಗೋಡೆಗಳು ಸಕ್ಕರೆ ಕಾರ್ಖಾನೆಗಳತ್ತ ತೆವಳುತ್ತಿರುತ್ತವೆ. ಬ್ರೇಕು ಕಿರುಚಿತು, ಹಿಂದಿನ ಚಕ್ರ ಜಾರಿತು. ಕಬ್ಬಿನ ಸೋಗೆ ಭುಜವನ್ನು ಸವರಿ ಹೋಯಿತು.

ಎಂಬತ್ತರ ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ ಅರುವತ್ತು ಮೀಟರಿಗೂ ಹೆಚ್ಚು ದೂರ ತಾನಾಗಿ ಸಾಗಿರುತ್ತದೆ. ಆತ ಎಷ್ಟು ಹೊತ್ತು ಮುಚ್ಚಿದ್ದನೋ, ನೋಡಿದವರಿಲ್ಲ.

ಪೇಠ್ ನಾಕಾದ ಬಳಿ ಮುಚ್ಚಿದ ಚಹದಂಗಡಿಯೊಂದರ ಮುಂದೆ ಗಾಡಿ ನಿಲ್ಲಿಸಿದ. ಕೈ ಇನ್ನೂ ನಡುಗುತ್ತಿತ್ತು. ಸಿಮೆಂಟಿನ ಬೆಂಚು, ತಲೆದಿಂಬಿಗೆ ಶಿರಸ್ತ್ರಾಣ. ಇದಕ್ಕೂ ಸವಾರರಲ್ಲಿ ಒಂದು ಹೆಸರುಂಟು: ‘ಐರನ್ ಬಟ್ ಮೋಟೆಲ್’. ದಣಿದರೆ ನಿಲ್ಲಿ ಎಂದು ಸಂಘವೇ ಬೋಧಿಸುತ್ತದೆ. ಆದರೆ ಅದೇ ಸಂಘ ಗಡಿಯಾರವನ್ನೂ ಕೈಗೆ ಕೊಟ್ಟು ಕಳುಹಿಸುತ್ತದೆ. ಹುಲಿಯನ್ನು ಬೋನಿನಿಂದ ಬಿಟ್ಟು, ಎಚ್ಚರಿಕೆಯಿಂದಿರಿ ಎಂದು ಫಲಕ ತೂಗುಹಾಕಿದ ಹಾಗೆ. ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಮಲಗಿದ. ಅದು ಕೂಗಿದ್ದೂ ತಾನೇ ಅದರ ಬಾಯಿ ಮುಚ್ಚಿದ್ದೂ ನೆನಪಿಲ್ಲ.

ಎಚ್ಚರವಾದಾಗ ಆರು ಗಂಟೆ ಹತ್ತು ನಿಮಿಷ. ಅಂಗಡಿ ತೆರೆದಿತ್ತು. ಅಂಗಡಿಯವನು ಹಾಲು ಕಾಯಿಸುತ್ತ, ಎಬ್ಬಿಸಬೇಕೋ ಬೇಡವೋ ಎಂಬಂತೆ ನೋಡುತ್ತಿದ್ದ. ಆತ ರಸೀದಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದ. ಬಂದದ್ದು 655 ಕಿಲೋಮೀಟರು; ಉಳಿದದ್ದು 995; ಉಳಿದ ಸಮಯ ಹನ್ನೊಂದು ಗಂಟೆ ಐವತ್ತು ನಿಮಿಷ. ಗಂಟೆಗೆ 84. ಎರಡು ಸಲ ಭಾಗಿಸಿದ. ಬ್ಯಾಂಕಿನವನಲ್ಲವೆ, ಎರಡು ಸಲವೂ ಅದೇ ಬಂತು. ಆ ನಾಲ್ಕು ಕಿಲೋಮೀಟರನ್ನು ಕದಿಯುವುದು ಕಷ್ಟವೇನಲ್ಲ. ಗಾಡಿಗೆ ನೂರರ ಶಕ್ತಿಯಿತ್ತು. ಜೊತೆಗಾರರಲ್ಲಿ ಇಬ್ಬರು ಆ ಹೊತ್ತಿಗೆ ಕರಾಡ ದಾಟಿ ಸಾತಾರದ ಕಡೆಗಿದ್ದುದಾಗಿ ಫೋನಿನಲ್ಲಿ ಸಂದೇಶವೂ ಬಂದಿತ್ತು.

ಎರಡು ಲೋಟ ಚಹ ಕುಡಿದ. ಬಳಿಕ ಗಾಡಿಯ ಮೂತಿಯನ್ನು ಬೆಂಗಳೂರಿನ ಕಡೆಗೆ ತಿರುಗಿಸಿದ.

ಮನೆ ಸೇರಿದಾಗ ರಾತ್ರಿ ಒಂಬತ್ತು. ಮಕ್ಕಳು ಪ್ರಮಾಣಪತ್ರ ಎಲ್ಲಿ ಎಂದವು. ಇಲ್ಲ ಎಂದಾಗ ತಮ್ಮ ಪಾಡಿಗೆ ಹೋದವು. ಊಟವಾದ ಮೇಲೆ ಜಗಲಿಯಲ್ಲಿ ತಂದೆಯ ಪಕ್ಕ ಕುಳಿತು ಕಬ್ಬಿನ ಟ್ರೇಲರಿನ ವಿಷಯ ತೆಗೆದ. ಹೆಂಡತಿಗೆ ಹೇಳಿರಲಿಲ್ಲ.

ಮುದುಕರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು. “ಹಾವೇರಿ ಬಿಟ್ಟು ಇನ್ನೂ ಮುಂದೆ. ಎಂಬತ್ತೊಂಬತ್ತನೇ ಇಸವಿ. ಬಸ್ಸು ತುಂಬ ಜನ. ಚಕ್ರ ಮಣ್ಣಿಗಿಳಿದ ಸದ್ದಿಗೆ ಎಚ್ಚರ ಆಯ್ತು ಕಣಪ್ಪ. ಎದುರಿಗೆ ಹುಣಸೇಮರ. ತಿರುಗಿಸಿಕೊಂಡೆ. ಟಯರು ನೋಡ್ತೀನಿ ಅಂತ ನಿಲ್ಲಿಸಿ, ಇಳಿದು, ಹಿಂದುಗಡೆ ಹೋಗಿ ಕೂತೆ. ಕೈಕಾಲೆಲ್ಲ ನೀರಾಗಿತ್ತು. ಕಂಡಕ್ಟರು ಬಂದು, ಏನಣ್ಣ ಟಯರಿಗೆ ಏನಾಗಿದೆ ಅಂದ. ಏನೂ ಆಗಿಲ್ಲ ಅಂದೆ. ಹೊತ್ತಾಯ್ತು ಅಂತ ಜನ ಬೈದರು. ನಿಮ್ಮಮ್ಮನಿಗೂ ಇದುವರೆಗೆ ಹೇಳಿಲ್ಲ.”

ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

“ಎಷ್ಟು ಹೊತ್ತು ಮಲಗಿದ್ದೆ ಆ ಬೆಂಚಿನ ಮೇಲೆ?”

“ಒಂದೂ ಮುಕ್ಕಾಲು ಗಂಟೆ ಇರಬೇಕು.”

“ಸಾಲದು” ಎಂದರು ಅವರು. “ಎದ್ದು ಹೋಗಿ ಮಲಗು.”